ಬಳ್ಳಿಯಿಲ್ಲದ ಮಡಕೆ

ಮಲ್ಲಂದೂರು
8-2-1985

ಚಿ. ಮಂಗಳೆಗೆ,

ಅಮ್ಮನ ಆಶೀರ್ವಾದ. ಇಲ್ಲಿ ಎಲ್ಲರೂ ಉಂಡುಟ್ಟು ಓಡಾಡಿಕೊಂಡಿದ್ದೇವೆ. ಅದಕ್ಕಿಂತ ಹೆಚ್ಚಿಗೆ ಕ್ಷೇಮ ಎಂದು ಬರೆಯಲು ಈ ಸಲ ಕೈ ಏಳುತ್ತಿಲ್ಲ.

ರೇಡಿಯೊದಲ್ಲಿ ನಿನ್ನ ಭಾಷಣ ಬಂತೇ, ಕೇಳಿಸಿತೇ ಎಂದು ಕೇಳಿದ್ದೀಯ. ಬಂತು, ಚೆನ್ನಾಗಿಯೇ ಕೇಳಿಸಿತು. ಕೇಳಿದವರು ನಾವಷ್ಟೇ ಆಗಿದ್ದರೆ ಈ ಕಾಗದ ಇಷ್ಟು ಉದ್ದ ಆಗುತ್ತಿರಲಿಲ್ಲ. ಆದರೆ ಅದನ್ನು ಹೇಳುವ ಮೊದಲು ನಾನು ನಿನಗೆ ಮುಚ್ಚಿಟ್ಟಿದ್ದ ಒಂದು ವಿಷಯ ಹೇಳಬೇಕು. ಡಿಸೆಂಬರಿನಲ್ಲಿ ಬರೆದಾಗ, ಪುಟ್ಟಿಗೆ ನೀರೆರೆಯಲು ಸೂಲಗಿತ್ತಿ ಜೊಹರಾ ಬರುತ್ತಿಲ್ಲ, ಅವಳಿಗೆ ಕೈನೋವು ಎಂದಿದ್ದೆ. ಜೊಹರಾಳ ಕೈಗೆ ಏನೂ ಆಗಿಲ್ಲ. ನಾನೇ ಅವಳನ್ನು ಓಡಿಸಿದ್ದೆ.

ನೀನು ಅತ್ತಿಗೆ ದಾಕ್ಷಾಯಿಣಿಯ ಹೆರಿಗೆಗೆಂದು ರಜೆ ಹಾಕಿ ಬಂದವಳು ಮಗು ಹುಟ್ಟಿದ ಮರುದಿನವೇ ಬೆಳಗಿನ ಬಸ್ಸಿಗೆ ಹೊರಟೆ. ಇನ್ನೆರಡು ದಿನ ಇರು ಅಂದರೆ ಕೇಳಲಿಲ್ಲ. ನೀನು ಹೋದ ಮೇಲೆ ದಾಕ್ಷಾಯಿಣಿಗೆ ಹಾಲು ಇಳಿಯಲಿಲ್ಲ. ಮಗು ಬಾಯಿ ಹಾಕುವುದು, ಬಿಡುವುದು, ಅಳುವುದು. ಜೀರಿಗೆ, ಬೆಳ್ಳುಳ್ಳಿ, ಮೆಂತ್ಯ, ಎಲ್ಲಾ ಕೊಟ್ಟಾಯಿತು. ತಾಯಿಯಿಲ್ಲದ ಹುಡುಗಿ ಎಂದು ಬಾಣಂತನವನ್ನು ನಾನೇ ಹೊತ್ತುಕೊಂಡಿದ್ದೆ. ನನ್ನ ಕೈಯಲ್ಲಿ ಬಾಣಂತನ ಕೆಟ್ಟಿತು ಎನ್ನಿಸಿಕೊಳ್ಳುವುದು ನನಗೆ ಆಗದ ಮಾತು. ಆಗ ಪಕ್ಕದ ತೋಟದ ರುಕ್ಮಿಣಮ್ಮ ಬಂದು, ಮಾಸು ಹೂತ ಜಾಗ ಸರಿಯಾಗಿದೆಯೋ ನೋಡಿದಿರಾ ಎಂದು ಒಂದು ಮಾತು ಬಿಟ್ಟರು. ನಮ್ಮಲ್ಲಿ ಮಗುವಿನ ಹಿಂದೆ ಬಿದ್ದ ಮಾಸನ್ನು ಮಡಕೆಗೆ ಹಾಕಿ ಬಚ್ಚಲ ಹಿಂದೆ ಹೂಳುವುದು, ಬಾಣಂತಿಯ ಸ್ನಾನದ ನೀರು ಅದರ ಮೇಲೆ ಹರಿಯಬೇಕು, ಆ ಜಾಗ ಒಣಗಿದರೆ ಹಾಲು ಬತ್ತುತ್ತದೆ ಎನ್ನುವುದೆಲ್ಲ ನಿನಗೆ ಗೊತ್ತೇ ಇದೆ. ನಗಬೇಡ. ನೀನು ನಗುತ್ತೀಯ ಎಂದೇ ನಿನಗೆ ಬರೆಯಲಿಲ್ಲ.

ಜಾಗ ಒದ್ದೆಯಾಗಿಯೇ ಇತ್ತು. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಒಮ್ಮೆ ಹೂತದ್ದನ್ನು ಅಗೆಯಬಾರದು ಎಂದು ಊರಿಗೆಲ್ಲ ಹೇಳುವವಳು ನಾನು, ಗುದ್ದಲಿ ತಂದು ಅಗೆದೆ. ಮಡಕೆಯ ಬಾಯಿ ಬಿಚ್ಚಿದೆ. ಮಾಸು ಇತ್ತು, ಹೊಕ್ಕುಳಬಳ್ಳಿ ಇರಲಿಲ್ಲ. ಯಾರೋ ಬುಡಕ್ಕೆ ಸರಿಯಾಗಿ ಕತ್ತರಿಸಿ ತೆಗೆದಿದ್ದರು.

ಯಾರೋ ಎಂದು ಈಗ ಬರೆಯುತ್ತಿದ್ದೇನೆ. ಆ ಹೊತ್ತಿನಲ್ಲಿ ನನಗೆ ಯಾರೋ ಎನ್ನುವ ಅನುಮಾನವೇ ಇರಲಿಲ್ಲ. ಹೆರಿಗೆ ಮಾಡಿಸಿದವಳು ಜೊಹರಾ, ಬಳ್ಳಿ ಕೊಯ್ದವಳು ಜೊಹರಾ, ಮಡಕೆಗೆ ಹಾಕಿದವಳು ಜೊಹರಾ. ಅವಳು ಮರುದಿನ ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯಲು ಬಂದಾಗ ಅಂಗಳದಲ್ಲಿ ಆಳುಗಳ ಹಾಜರಿ ಕೂಗುವ ಮಸ್ಟರ್ ನಡೆಯುತ್ತಿತ್ತು. ಕೊಯ್ಲಿನ ಕಾಲ, ಕಾಫಿಹಣ್ಣು ಕೊಯ್ಯುವ ಹೆಂಗಸರು, ಮೇಸ್ತ್ರಿ, ರೈಟರ್ ಸುಬ್ಬಣ್ಣ, ಎಲ್ಲರೂ ನಿಂತಿದ್ದರು. ನಾನು ಅವಳು ಮೆಟ್ಟಿಲು ಹತ್ತುವವರೆಗೂ ಕಾಯಲಿಲ್ಲ. ಬಳ್ಳಿ ಎಲ್ಲಿ ಎಂದು ಅಲ್ಲಿಯೇ ಕೇಳಿದೆ. ಅವಳು, "ಮಡಕೆ ನಾನು ಮಂಗಳಮ್ಮನ ಕೈಗೆ ಕೊಟ್ಟೆ ಅಮ್ಮೋರೆ. ನಾನೇ ಹೂಳ್ತೀನಿ ಅಂತ ಇಸ್ಕೊಂಡ್ರು," ಎಂದಳು. ಸರಿಯಾದ ಉತ್ತರ, ಪೂರಾ ನಿಜ ಎಂದು ಈಗ ಗೊತ್ತು. ಆಗ ನನಗೆ ಮೈಯೆಲ್ಲ ಉರಿಯಿತು. ನೀನು ಬಚ್ಚಲ ಹಿಂದಿನಿಂದ ಮಣ್ಣಿನ ಕೈ ತೊಳೆದುಕೊಂಡು ಬಂದು, ಹೂತೆ ಅಮ್ಮ ಅಂದಿದ್ದೆಯಲ್ಲ. ನನ್ನ ಮಗಳ ತಲೆಗೆ ಕಟ್ಟುತ್ತೀಯಾ ಎಂದೆ. ಬಳ್ಳಿಯನ್ನು ಮಾಟದವರಿಗೆ ಮಾರಿಕೊಂಡಿದ್ದೀಯ ಎಂದೆ. ಇನ್ನೂ ಅಂದೆ, ಅದನ್ನು ಬರೆಯಲಾರೆ. ಅವಳ ಜಾತಿಯನ್ನೂ ಬಿಡಲಿಲ್ಲ ಎಂದು ಮಾತ್ರ ತಿಳಿದುಕೋ.

ಅವಳು ಎಣ್ಣೆಯ ಬಟ್ಟಲನ್ನು ಜಗಲಿಯ ಮೇಲಿಟ್ಟು ಹೋದಳು. ಕೂಲಿ ಲೈನಿನ ಹೆಂಗಸರು ದಾರಿ ಬಿಟ್ಟುಕೊಟ್ಟರು. ಆಮೇಲೆ ಅವರಲ್ಲಿ ಯಾರೂ ಹೆರಿಗೆಗೆ ಅವಳನ್ನು ಕರೆಯಲಿಲ್ಲವಂತೆ. ಅಮ್ಮೋರು ಸುಮ್ಮನೆ ಹೇಳುತ್ತಾರೆಯೇ ಎಂದರಂತೆ. ಆ ಅಂತೆಕಂತೆ ಅವಳ ಊರು ಆಲ್ದೂರಿಗೂ ಹೋಯಿತು. ಡಿಸೆಂಬರಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟಾಗ ಅವಳ ಗಂಡ ಅಹಮದನಿಗೆ ನಿನ್ನಪ್ಪ ಹೇಳಿಕಳಿಸಿದರು. ಬಂದ, ರಿಪೇರಿ ಮಾಡಿದ. ನಾನು ಕಳಿಸಿದ ಕಾಫಿಯನ್ನು ಮಾತ್ರ ಮುಟ್ಟಲಿಲ್ಲ, ಲೋಟ ಕಲ್ಲಿನ ಮೇಲೆಯೇ ಆರಿತು. ಎಷ್ಟು ಕೊಬ್ಬು ನೋಡಿ ಎಂದು ನಾನು ನಿನ್ನಪ್ಪನಿಗೆ ಹೇಳಿದೆ. ಹಾಲು, ಅದರ ಪಾಡಿಗೆ ಅದು, ಇನ್ನೊಂದು ವಾರಕ್ಕೆ ತಾನೇ ಇಳಿಯಿತು. ನಾನು ಮಡಕೆಗೆ ಅರಿಸಿನ ಹಾಕಿ ಮತ್ತೆ ಹೂತದ್ದರಿಂದ ಎಂದು ರುಕ್ಮಿಣಮ್ಮನಿಗೆ ಹೇಳಿಕೊಂಡೆ.

ಇಷ್ಟೆಲ್ಲ ನಡೆದಾಗ ದಾಕ್ಷಾಯಿಣಿ ಬಾಣಂತಿಕೋಣೆಯಲ್ಲಿದ್ದಳು. ಕಿಟಕಿ ಅಂಗಳಕ್ಕೇ ತೆರೆದುಕೊಂಡಿತ್ತು.

ಈಗ ರೇಡಿಯೊ ವಿಷಯ. ಹೋದ ಭಾನುವಾರ ಸಂಜೆ ನಿನ್ನ ಭಾಷಣವಿದೆ ಎಂದು ನಾನು ಒಂದು ವಾರದಿಂದ ಡಂಗುರ ಸಾರಿದ್ದೆ. ರುಕ್ಮಿಣಮ್ಮ, ಅವರ ಓರಗಿತ್ತಿ, ಮಲ್ಲಂದೂರಿನ ಮೇಷ್ಟ್ರ ಮನೆಯವರು, ಎಲ್ಲರನ್ನೂ ಕರೆದೆ. ರೊಬಸ್ಟಾ ಕೊಯ್ಲಿನ ಹೆಂಗಸರಿಗೂ ಬಂದು ಜಗಲಿಯಲ್ಲಿ ಕೂರಿ ಎಂದೆ. ಅವಲಕ್ಕಿ ಹುರಿಸಿದೆ, ಕಾಫಿ ಮಾಡಿ ದೊಡ್ಡ ಫ್ಲಾಸ್ಕಿನಲ್ಲಿ ತುಂಬಿಸಿಟ್ಟೆ. ರೇಡಿಯೊವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ದನಿಯನ್ನು ಪೂರ್ತಿ ಏರಿಸಿದ್ದು ನಿನ್ನಣ್ಣ ಓಂಕಾರ.

ಚೆನ್ನಾಗಿ ಮಾತಾಡಿದೆ ಮಗಳೆ. ಮಿಡ್ಲ್ ಸ್ಕೂಲು ಓದಿದ ನನಗೂ ತಿಳಿಯುವ ಹಾಗೆ ಹೇಳಿದೆ. ನಮ್ಮ ಮೈಯೆಲ್ಲ ಸಣ್ಣ ಸಣ್ಣ ಕೋಶಗಳು, ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತವೆ ಎಂದೆ. ಒಡೆಯುವ ಮೊದಲು ಕೋಶವು ಅಕ್ಕಪಕ್ಕದವರ ಹಿಡಿತ ಸಡಿಲಿಸಿ ದುಂಡಗಾಗುತ್ತದೆ, ಒಡೆದ ಮೇಲೆ ಮತ್ತೆ ಚಪ್ಪಟೆಯಾಗಿ ಕೂತು ಹಿಡಿದುಕೊಳ್ಳುತ್ತದೆ ಎಂದೆ. ಗಾಜಿನ ತಟ್ಟೆಯಲ್ಲಿ ಅವನ್ನು ಬೆಳೆಸಿ ನಡುವೆ ಒಂದು ಗೀರು ಎಳೆದರೆ, ಅಂಚಿನಲ್ಲಿದ್ದವು ಮುಂದಕ್ಕೆ ಪಾದ ಚಾಚಿ, ಊರಿ, ಹಿಂದಿನದನ್ನು ಎಳೆದುಕೊಂಡು ಬಂದು ಗಾಯ ತುಂಬುತ್ತವೆ, ಎರಡೂ ಕಡೆಯವು ಒಂದನ್ನೊಂದು ಮುಟ್ಟಿದ ಕೂಡಲೇ ನಿಲ್ಲುತ್ತವೆ ಎಂದೆ. ಮುಟ್ಟಿದರೂ ನಿಲ್ಲದವು ಕ್ಯಾನ್ಸರಿನವು ಎಂದಾಗ ಜಗಲಿಯಲ್ಲಿ ಎಲ್ಲರೂ ಅಯ್ಯೋ ಎಂದರು. ಒಂದನ್ನೊಂದು ಹಿಡಿದುಕೊಳ್ಳಲು ಸುಣ್ಣದ ಅಂಶ ಬೇಕು, ಅದನ್ನು ತೆಗೆದರೆ ಎಲ್ಲವೂ ಕೈಬಿಟ್ಟು ಚೆಲ್ಲಾಪಿಲ್ಲಿಯಾಗುತ್ತವೆ ಎಂದಾಗ, ನೋಡಿ, ಎಲೆಯಡಿಕೆಗೆ ಸುಣ್ಣ ಬೇಕು ಎಂದು ನಾನು ಸುಮ್ಮನೆ ಹೇಳುತ್ತೇನೆಯೇ ಎಂದು ನಾನೂ ಒಂದು ಮಾತು ಸೇರಿಸಿದೆ. ಎಲ್ಲರೂ ನಕ್ಕರು. ಅಷ್ಟು ಹೊತ್ತು ನನ್ನಷ್ಟು ಸುಖಿ ಈ ತಾಲ್ಲೂಕಿನಲ್ಲಿ ಇರಲಿಲ್ಲ.

ಆಮೇಲೆ ನೀನು ಆ ಮಾತು ಹೇಳಿದೆ. ಈ ಕೋಶಗಳು ಎಲ್ಲಿಂದ ಬಂದವು ಗೊತ್ತೇ ಎಂದೆ. ನನ್ನ ಅಣ್ಣನ ಮಗಳ ಹೊಕ್ಕುಳಬಳ್ಳಿಯ ರಕ್ತನಾಳದ ಒಳಪದರದಿಂದ ಎಂದೆ. ಅತ್ತಿಗೆಯನ್ನು ಕೇಳಿದೆ, ಇದರಿಂದ ಇನ್ನೊಂದು ಮಗುವಿಗೆ ಒಳ್ಳೆಯದಾಗುವುದಾದರೆ ತೆಗೆದುಕೋ ಎಂದು ಒಪ್ಪಿ ಕೊಟ್ಟರು ಎಂದೆ. ಆಲ್ದೂರಿನ ಮೀನಂಗಡಿಯಿಂದ ಐಸು ತಂದು, ಮನೆಯ ಕಾಫಿ ಫ್ಲಾಸ್ಕಿನಲ್ಲಿ ತುಂಬಿ, ಬಳ್ಳಿಯ ಬಾಟಲಿಯನ್ನು ಅದರಲ್ಲಿಟ್ಟು ಬಸ್ಸಿನಲ್ಲಿ ಒಯ್ದೆ ಎಂದೆ.

ಮೀನಂಗಡಿಯ ಐಸು ಎಂದಾಗ ಎಲ್ಲರ ಕೈಯಲ್ಲೂ ಅದೇ ಫ್ಲಾಸ್ಕಿನ ಕಾಫಿ ಇತ್ತು. ಬೇರೆ ದಿನವಾಗಿದ್ದರೆ ಅದಕ್ಕೇ ಮನೆ ಹಾರಿಹೋಗುವಷ್ಟು ಗಲಾಟೆ ಮಾಡುತ್ತಿದ್ದೆ. ಆದರೆ ಅದು ಯಾರ ಕಿವಿಗೂ ಹೋದ ಹಾಗೆ ಕಾಣಲಿಲ್ಲ. ಕೊಯ್ಲಿನ ಹೆಂಗಸರು ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ರುಕ್ಮಿಣಮ್ಮ ಲೋಟ ಕೆಳಗಿಟ್ಟು ಹೊತ್ತಾಯಿತು ಎಂದರು. ರೇಡಿಯೊದಲ್ಲಿ ನೀನು ಇನ್ನೂ ಮಾತಾಡುತ್ತಲೇ ಇದ್ದೆ. ಆ ಕೋಶಗಳು ಕೆಲವು ವಾರ ಒಡೆದು, ಆಮೇಲೆ ಮುದಿಯಾಗಿ ತಾವಾಗಿ ನಿಂತುಹೋದವು ಎಂದದ್ದು ಅರ್ಧಂಬರ್ಧ ಕೇಳಿಸಿತು. ನಾನೇ ಎದ್ದು ಹೋಗಿ ರೇಡಿಯೊ ಆರಿಸಿದೆ. ಕೊನೆಯ ಭಾಗ ಹೇಗಿತ್ತು ಎಂದು ನನ್ನನ್ನು ಕೇಳಬೇಡ.

ಎಲ್ಲರೂ ಹೋದ ಮೇಲೆ ದಾಕ್ಷಾಯಿಣಿಯನ್ನು ಕರೆದೆ. ನಿನಗೆ ಗೊತ್ತಿತ್ತು, ನೀನೇ ಕೊಟ್ಟಿದ್ದೆ, ಮತ್ತೆ ಕಿಟಕಿಯಲ್ಲಿ ಕೂತು ಎಲ್ಲಾ ಕೇಳಿಸಿಕೊಂಡೆ, ಬಾಯಲ್ಲೇನು ಕಡುಬು ಇತ್ತೇ ಎಂದೆ. ಅಂಥ ಹೊತ್ತಿನಲ್ಲೂ ನನ್ನ ದನಿ ಏರಿಯೇ ಇತ್ತು. ಅವಳು ಮಗುವಿನ ಬಟ್ಟೆ ಮಡಿಸುತ್ತಾ ನಿಂತಿದ್ದಳು. "ಹೇಳಿದ್ರೆ ನನ್ನನ್ನೂ ಹಂಗೇ ಅಂಗಳದಲ್ಲಿ ನಿಲ್ಸಿ ಬೈದು ಕಳಿಸ್ತಿದ್ರಿ ಅತ್ತೆ. ಜೊಹರಮ್ಮನಿಗೆ ಹೋಗಕ್ಕೆ ಮನೆ ಇತ್ತು. ನನಗೆ ಎಲ್ಲಿದೆ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಉಪ್ಪಿಲ್ಲ, ತರಬೇಕು ಎನ್ನುವಷ್ಟು ಮೆಲ್ಲಗೆ ಹೇಳಿದಳು. ಆಮೇಲೆ, ದಿನಾ ಅದೇ ಯೋಚನೆಯಲ್ಲಿ ನಿದ್ದೆ ಬರುತ್ತಿರಲಿಲ್ಲ ಎಂದಳು.

ಮಂಗಳೆ, ನಾನು ಈ ಮನೆಯಲ್ಲಿ ಯಾರನ್ನೂ ಹೊಡೆದವಳಲ್ಲ. ಸೊಸೆಗೆ ತವರಿಲ್ಲ ಎಂದು ಮಗಳ ಹಾಗೆ ನೋಡಿಕೊಂಡಿದ್ದೇನೆ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ನನ್ನ ಮಾತಿಗೆ ಎದುರಿಲ್ಲ, ಅದಕ್ಕೇ ಮನೆ ಒಂದಾಗಿದೆ ಎಂದುಕೊಂಡಿದ್ದೆ. ಹೆದರಿಕೆಯ ಗಾರೆ ಹಾಕಿ ಎಲ್ಲರನ್ನೂ ಅಂಟಿಸಿಟ್ಟಿದ್ದೇನೆ ಎನ್ನುವುದು ತಿಳಿದಿರಲಿಲ್ಲ. ನೀನೂ ಅಷ್ಟೇ. ಹೂತೆ ಅಮ್ಮ ಎಂದೆ, ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ನನಗೆ ಅರ್ಧ ಹೇಳುವುದನ್ನು ಈ ಮನೆಯಲ್ಲಿ ಎಲ್ಲರೂ ಕಲಿತಿದ್ದೀರಿ. ಕಲಿಸಿದವಳು ನಾನಲ್ಲದೆ ಇನ್ಯಾರು. ನನಗೆ ನಾಚಿಕೆಯಾಗುತ್ತಿದೆ. ಊರಿನವರೆದುರು ಆದ ನಾಚಿಕೆ ನಾಲ್ಕು ದಿನಕ್ಕೆ ಹೋಗುತ್ತದೆ. ಬಟ್ಟೆ ಮಡಿಸುತ್ತಾ ನಿಂತಿದ್ದ ಆ ಹುಡುಗಿಯ ಎದುರು ಆದದ್ದು ಹೋಗುವ ಹಾಗೆ ಕಾಣುವುದಿಲ್ಲ.

ಮಂಗಳವಾರ ಒಬ್ಬಳೇ ಆಲ್ದೂರಿಗೆ ಹೋದೆ. ಜೀಪು ಬೇಡವೆಂದು ಬಸ್ಸಿನಲ್ಲಿ ಹೋದೆ. ಹೆರಿಗೆ ಮಾಡಿಸಿದವಳಿಗೆ ಕೊಡಬೇಕಾದ ಸೀರೆಯನ್ನು ನಾನು ಆಗ ಕೊಟ್ಟಿರಲಿಲ್ಲ, ಅದನ್ನೂ ಎಲೆಯಡಿಕೆಯನ್ನೂ ತಗೊಂಡೆ. ಅಹಮದನ ವರ್ಕ್‌ಶಾಪಿನ ಪಕ್ಕದಲ್ಲೇ ಅವರ ಮನೆ. ಜೊಹರಾ ನನ್ನನ್ನು ನೋಡಿ ಕುರ್ಚಿ ಹಾಕಿದಳು, ತಾನು ಕೂರಲಿಲ್ಲ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ, ತಪ್ಪಾಯಿತು ಜೊಹರಾ ಎಂದಷ್ಟೇ ಬಂತು. ಸೀರೆ ಮುಂದೆ ಹಿಡಿದೆ.

ಅವಳು ಮುಟ್ಟಲಿಲ್ಲ. "ಹೆರಿಗೆ ಸೀರೆ ಹೆರಿಗೆ ದಿನ ಕೊಡೋದು ಅಮ್ಮೋರೆ," ಎಂದಳು. ಆಮೇಲೆ, ತನ್ನ ಅಮ್ಮ ರಹೀಮಾ ನಿನ್ನನ್ನೂ ಓಂಕಾರನನ್ನೂ ಭೂಮಿಗೆ ಇಳಿಸಿದವಳು, ಆ ಎರಡು ಮಡಕೆಗಳನ್ನು ಹೂತವಳೂ ಅವಳೇ, ಆಗ ಅಗೆದು ನೋಡಿದ್ದಿರೇ ಎಂದು ಕೇಳಿದಳು. ದಿನ ತುಂಬಿದ ಹೆಂಗಸರನ್ನು ಅವಳ ಮನೆಯ ಮುಂದೆಯೇ ಚಿಕ್ಕಮಗಳೂರಿನ ಆಸ್ಪತ್ರೆಗೆಂದು ಬಸ್ಸು ಹತ್ತಿಸುತ್ತಾರಂತೆ, ಅವಳ ಕೈ ಬೇಡವೆಂದು. ನಾನು ಮತ್ತೆ ತಪ್ಪಾಯಿತು ಎಂದೆ. ಅವಳು, "ಇಲ್ಲಿ ಬಂದು ಹೇಳಿದ್ರೆ ಗೋಡೆ ಕೇಳ್ತದೆ ಅಷ್ಟೆ. ಅವತ್ತು ಮಸ್ಟರಲ್ಲಿ ಹೇಳಿದ್ರಿ. ಇದನ್ನೂ ಅಲ್ಲೇ ಹೇಳಿ. ನಾನು ಬರಲ್ಲ. ನಂಗೆ ಗೊತ್ತಿರೋದನ್ನ ನಾನ್ ಯಾಕೆ ಕೇಳ್ಬೇಕು," ಎಂದಳು. ಬಾಗಿಲವರೆಗೆ ಬಂದು, ಬಸ್ಸು ಎಷ್ಟು ಹೊತ್ತಿಗೆ ಎಂದು ಮಾತ್ರ ತಿಳಿಸಿದಳು. ಸೀರೆಯನ್ನು ವಾಪಸು ತಂದೆ.

ನಿನ್ನಪ್ಪನಿಗೆ ಹೇಳಿದರೆ, ಆಳುಗಳೆದುರು ಯಜಮಾನಿ ತಪ್ಪೊಪ್ಪಿಕೊಂಡರೆ ನಾಳೆ ಯಾರು ಮಾತು ಕೇಳುತ್ತಾರೆ, ಅವಳಿಗೆ ಬೇರೇನಾದರೂ ಸಹಾಯ ಮಾಡೋಣ ಎಂದರು. ಅವರು ಹೇಳಿದ್ದು ನನಗೆ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಒಂದು ದಿನ ಹಾಗೆಯೇ ಕಳೆದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಿಮಗೆಲ್ಲ ಬುದ್ಧಿ ಹೇಳಿ ಬೆಳೆಸಿದವಳು ನಾನೇ ತಾನೆ.

ನಿನ್ನೆ ಬೆಳಿಗ್ಗೆ ಮಸ್ಟರಿಗೆ ಹೋದೆ. ಎಲ್ಲರೂ ಸಾಲಾಗಿ ನಿಂತಿದ್ದರು, ಸುಬ್ಬಣ್ಣ ಹೆಸರು ಕೂಗಿ ಮುಗಿಸಿದ್ದ. ನಾನು ಮೆಟ್ಟಿಲ ಮೇಲೆ ನಿಂತು, ಕೇಳಿ, ಜೊಹರಾ ನಿರಪರಾಧಿ, ಬಳ್ಳಿಯನ್ನು ಒಯ್ದದ್ದು ನನ್ನ ಮಗಳು, ಒಳ್ಳೆಯ ಕೆಲಸಕ್ಕೆ ಒಯ್ದಳು, ಜೊಹರಾಳನ್ನು ಕಳ್ಳಿಯೆಂದು ಕರೆದ ನನ್ನ ನಾಲಿಗೆಯದೇ ತಪ್ಪು, ಇನ್ನು ಮುಂದೆ ಅವಳ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನ್ನ ಬಗ್ಗೆ ಆಡಿದ ಹಾಗೆ ಎಂದು ಸ್ಪಷ್ಟವಾಗಿ, ಒಂದು ಮಾತೂ ತಡವರಿಸದೆ ಹೇಳಿದೆ. ಹೆಂಗಸರು ಕಣ್ಣೊರೆಸಿಕೊಂಡರು. ದೊಡ್ಡ ಮನಸ್ಸು ಎಂದು ಮೇಸ್ತ್ರಿ ಅಂದ. ನಿನ್ನಪ್ಪನೂ ತಲೆದೂಗಿದರು. ಆದ್ದರಿಂದ ನೀನು ಗಾಬರಿಯಾಗಿ ರಜೆ ಹಾಕಿ ಓಡಿ ಬರುವುದೇನೂ ಬೇಡ. ಇಲ್ಲಿ ಎಲ್ಲ ಸರಿಹೋಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಇನ್ನು ಮೇಲೆ ಇಂಥದ್ದೇನಾದರೂ ಬೇಕಿದ್ದರೆ ನನ್ನನ್ನೇ ಕೇಳು. ಮೊದಲು ಬೈಯುತ್ತೇನೆ, ಆಮೇಲೆ ಕೊಡುತ್ತೇನೆ. ಫ್ಲಾಸ್ಕನ್ನು ಹುಣಸೆಹಣ್ಣು ಹಾಕಿ ಉಜ್ಜಿಸಿದ್ದೇನೆ.

ಇತಿ ನಿನ್ನ ತಾಯಿ,
ವಿಶಾಲಾಕ್ಷಮ್ಮ

ತಾ.ಕ.: ಇಷ್ಟು ಬರೆದು, ಕವರು ಅಂಟಿಸದೆ ದಾಕ್ಷಾಯಿಣಿಯ ಕೈಗೆ ಕೊಟ್ಟೆ. ನಿನ್ನ ವಿಷಯವೂ ಇದೆ, ಓದಿ ಪೋಸ್ಟಿಗೆ ಹಾಕಿಸು ಎಂದೆ. ಅವಳು ಓದಿ ಕಾಗದವನ್ನು ನನಗೇ ವಾಪಸು ತಂದಳು. "ಮಸ್ಟರಲ್ಲಿ ಹಿಂಗೆ ನಡೀಲಿಲ್ಲ ಅತ್ತೆ. ಇದನ್ನ ಹಿಂಗೇ ಕಳಿಸಕ್ಕಾಗಲ್ಲ," ಎಂದಳು. ನಾನು ಅವಳ ಮುಖ ನೋಡಿದೆ. ಅವಳು ತಲೆ ತಗ್ಗಿಸಲಿಲ್ಲ.

ನಡೆದದ್ದು ಇದು. ಮೆಟ್ಟಿಲ ಮೇಲೆ ನಿಂತು, ಜೊಹರಾ ಎಂದೆ. ಅಷ್ಟು ಮುಖಗಳು ನನ್ನ ಕಡೆ ತಿರುಗಿದವು. ಇವತ್ತು ಎಲ್ಲರೂ ಕೆಳಗಿನ ತೋಟಕ್ಕೆ ಹೋಗಿ ಎಂದು ಹೇಳಿ ಒಳಕ್ಕೆ ತಿರುಗಿದೆ. ಬಾಗಿಲಲ್ಲಿ ದಾಕ್ಷಾಯಿಣಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ನನ್ನನ್ನು ದಾಟಿ ಮುಂದೆ ಹೋಗಿ ಅವಳೇ ಹೇಳಿದಳು. ಬಳ್ಳಿ ತಾನು ಕೊಟ್ಟದ್ದು, ಜೊಹರಮ್ಮ ಹೇಳಿದ್ದು ನಿಜ, ಅತ್ತೆಗೆ ಹೆದರಿ ತಾನು ಬಾಯಿ ಬಿಡಲಿಲ್ಲ ಎಂದಳು. ಅತ್ತೆಗೆ ಹೆದರಿ ಎನ್ನುವುದನ್ನೂ ಬಿಡಲಿಲ್ಲ. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ, ಮೇಸ್ತ್ರಿ ಏನೂ ಅನ್ನಲಿಲ್ಲ, ನಿನ್ನಪ್ಪ ಕಾಫಿ ಒಣಹಾಕುವ ಕಣದ ಕಡೆ ಹೊರಟುಹೋದರು. ಹೌದೇ ಅಮ್ಮೋರೆ ಎಂದು ಸಾಲಿನಿಂದ ಒಬ್ಬಳು ಕೇಳಿದಳು. ಹೌದು ಎಂದೆ. ಮಸ್ಟರಿನಲ್ಲಿ ನನ್ನ ಬಾಯಿಂದ ಬಂದ ನಿಜವೆಂದರೆ ಅದೊಂದೇ ಮಾತು.

ಈಗ ದಾಕ್ಷಾಯಿಣಿ ಎದುರಿಗೆ ಕೂತು ನಾನು ಬರೆಯುವುದನ್ನು ನೋಡುತ್ತಿದ್ದಾಳೆ. ಕಾಗದವನ್ನು ನಾಳೆ ಆಲ್ದೂರಿನಲ್ಲಿ ಅವಳೇ ಡಬ್ಬಿಗೆ ಹಾಕುತ್ತಾಳಂತೆ. ಮಗುವನ್ನು ಎತ್ತಿಕೊಂಡು ಜೊಹರಾಳ ಮನೆಗೆ ಹೋಗುತ್ತಾಳೆ. ಹೋಗಲಾ ಎಂದು ನನ್ನನ್ನು ಕೇಳಲಿಲ್ಲ, ಹೋಗುತ್ತೇನೆ ಎಂದಳು.